‘ಪಂಚ್’ ಎಂಬ ಹೆಸರು

ಮದ್ಯದ ಮಾತೆತ್ತಿದನೆಂದು ಕೇಳುಗರು ಹುಬ್ಬೇರಿಸಬಾರದು. ನನ್ನ ಕುತೂಹಲ ಹೆಸರಿನ ಮೇಲೆ, ಬಟ್ಟಲಿನ ಮೇಲಲ್ಲ.

‘ಪಂಚ್’ ಎಂಬ ಪಾನೀಯದ ಹೆಸರು ಇಂಗ್ಲಿಷ್ ಬರವಣಿಗೆಯಲ್ಲಿ ಮೊದಲು ಕಾಣುವುದು ಈಸ್ಟ್ ಇಂಡಿಯಾ ಕಂಪೆನಿಯವರ 1632ರ ಒಂದು ಪತ್ರದಲ್ಲಿ. ಉಷ್ಣದೇಶಕ್ಕೆ ಬರುವ ಹಡಗುಗಳಲ್ಲಿ ಅವರ ಬಿಯರ್ ಕೆಡುತ್ತಿತ್ತು. ಇಲ್ಲಿ ಸಿಕ್ಕಿದ್ದು ಸಾರಾಯಿ, ಬಲು ಕಟು. ಅದಕ್ಕೆ ನಿಂಬೆ ಹಿಂಡಿ, ಸಕ್ಕರೆ ಕದಡಿ, ನೀರು ಬೆರೆಸಿ, ಮೇಲೆ ಜಾಯಿಕಾಯಿ ತುರಿದು ಉದುರಿಸಿದರು. ಹುಳಿ ಸಿಹಿಗಳು ಕೂಡಿ ಕಟುತ್ವವನ್ನು ಮರೆಸುತ್ತವೆ. ಅದರ ಮೋಹವೂ ಅಪಾಯವೂ ಅಲ್ಲಿಯೇ. ಸಾರಾಯಿಯೊಂದನ್ನು ತೆಗೆದರೆ ಉಳಿಯುವುದು ಹೆಚ್ಚುಕಡಮೆ ನಮ್ಮ ರಾಮನವಮಿಯ ಪಾನಕ!

ವಸ್ತುಗಳು ಐದಾದುದರಿಂದ, ಹಿಂದುಸ್ತಾನಿಯಲ್ಲಿ ಐದೆಂಬರ್ಥದ ಮಾತೇ ಹೆಸರಾಯಿತೆಂದು 17ನೆಯ ಶತಮಾನದ ಪ್ರವಾಸಿ ಜಾನ್ ಫ್ರೈಯರ್ ಬರೆದ. ಅದರ ಮೂಲ ನಮ್ಮ ‘ಪಂಚ’ವೇ ಎಂದು ನಾನೂ ತರಗತಿಯಲ್ಲಿ ಬಹುಕಾಲ ಬೀಗಿದ್ದುಂಟು. ಆದರೆ ಅಂದಿನ ಇಂಗ್ಲಿಷರ ಬಾಯಲ್ಲಿ ಅದು ‘ಪುಂಚ್’ ಎಂಬಂತಿತ್ತು. ಅಕಾರ ಉಕಾರವಾದುದು ಹೇಗೆ? ವಸ್ತುಗಳೂ ಎಲ್ಲೆಡೆ ಐದೇ ಇರಲಿಲ್ಲ. ‘ಪಂಚನ್’ ಎಂಬ ಪೀಪಾಯಿಯಿಂದ ಹೆಸರು ಬಂದಿತೆಂಬ ವಾದವೂ ಇದೆ. ಈಗ ಮಕ್ಕಳಿಗೆ ಎರಡನ್ನೂ ಹೇಳುತ್ತೇನೆ. ಮನಸ್ಸು ಮಾತ್ರ ಇಂದಿಗೂ ಐದರ ಕಡೆಗೇ ವಾಲುತ್ತದೆ.