ದುಡಿಮೆಯನ್ನು ಅಳೆಯುವ ಕೊಳಗ ಯಾರ ಕೈಯಲ್ಲಿದೆ?

(ಗಿರಣಿ ಕಾರ್ಮಿಕರು ಮತ್ತು ಚಿಲ್ಲರೆ ವರ್ತಕರ ಕೂಡುಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ. ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಬಂದವರಿದ್ದೀರಿ. ದುಡಿಮೆ ಎಂದರೇನು ಎಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ದುಡಿಮೆಯ ವಿಷಯವಾಗಿ ದುಡಿಯುವವರಿಗೆ ಉಪದೇಶ ಮಾಡುವವರು ಬಹಳ ಮಂದಿ. ಕಷ್ಟಪಟ್ಟರೆ ಫಲವುಂಟು, ಶ್ರದ್ಧೆಯಿದ್ದರೆ ಕಂಡ ಕನಸು ಕೈಗೂಡುತ್ತದೆ ಎನ್ನುತ್ತಾರೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಶಾಲೆಯ ಗೋಡೆಯ ಮೇಲೆ ಬರೆಸುತ್ತಾರೆ. ಗಾದೆ ಸುಳ್ಳಲ್ಲ. ಆದರೆ ಕೆಸರಾದದ್ದು ಯಾರ ಕೈ, ಮೊಸರು ಹೋದದ್ದು ಯಾರ ಬಾಯಿಗೆ ಎಂದು ಕೇಳದಿದ್ದರೆ ಅದು ಅರ್ಧ ಸತ್ಯ ಮಾತ್ರ. ಈ ದಿನ ನಾವು ಆ ಇನ್ನರ್ಧದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಮೊದಲು ಶ್ರದ್ಧೆಯ ಮಾತು. ಇದು ನಮ್ಮ ನಾಡಿಗೆ ಹೊಸತಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ಕೂಡಿದವರು ಯಾರು? ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಸೌದೆ ಮಾರುವ ಮೋಳಿಗೆಯ ಮಾರಯ್ಯ, ಬಟ್ಟೆ ಒಗೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ. ಅವರು ತಮ್ಮ ಕೆಲಸವನ್ನು ಕಾಯಕವೆಂದು ಕರೆದರು. ದುಡಿಯುವ ಕೈ ಕೀಳಲ್ಲ ಎಂದು ಸಾರಿದರು. ಅವರಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ದಂಪತಿಗಳ ಕಥೆಯನ್ನು ನೀವು ಕೇಳಿಯೇ ಇರುತ್ತೀರಿ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದನಂತೆ. ಹೆಚ್ಚಾದದ್ದನ್ನು ತಂದಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮ ಗಂಡನನ್ನು ಹಿಂದಕ್ಕೆ ಕಳುಹಿಸಿದಳಂತೆ.

ಈ ಕಥೆಯನ್ನು ಹೇಳಿ, ಬಡವರು ಇದ್ದುದರಲ್ಲೇ ತೃಪ್ತಿಪಡಬೇಕು ಎಂದು ಬುದ್ಧಿ ಹೇಳುವವರಿದ್ದಾರೆ. ನಾವು ಅದನ್ನು ಹಾಗೆ ತಿಳಿಯುವುದಿಲ್ಲ. ಮನೆಗೆ ಎಷ್ಟು ಬೇಕು ಎಂಬುದನ್ನು ಅಳೆದವಳು ಲಕ್ಕಮ್ಮ. ಬೇರೆ ಯಾರೂ ಅಲ್ಲ. ಅಳತೆ ದುಡಿದವರ ಕೈಯಲ್ಲಿತ್ತು. ಆದುದರಿಂದಲೇ ಆ ಶ್ರದ್ಧೆಗೆ ಘನತೆ ಬಂದಿತು.

ಅಳತೆ ಬೇರೆಯವರ ಕೈಗೆ ಹೋದಾಗ ಏನಾಗುತ್ತದೆ? ಅದನ್ನು ತಿಳಿಯಲು ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಕಾಗೋಡಿನ ಕಡೆಗೆ ನೋಡಬೇಕು. ಅಲ್ಲಿಯ ದೀವರ ಒಕ್ಕಲುಗಳು ಗೇಣಿದಾರರು. ಮಲೆನಾಡಿನ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆ ಉತ್ತವರು, ನೆಟ್ಟಿ ಮಾಡಿದವರು, ಕಣದಲ್ಲಿ ಭತ್ತ ಬಡಿದವರು ಅವರು. ಶ್ರದ್ಧೆ ಸಾಲದು ಎಂದು ಅವರಿಗೆ ಯಾರಾದರೂ ಹೇಳುವಂತಿತ್ತೇ? ಆದರೆ ಗೇಣಿಯ ಭತ್ತವನ್ನು ಅಳೆಯುತ್ತಿದ್ದ ಕೊಳಗ ಭೂಮಾಲೀಕರದು. ಸರ್ಕಾರ ಒಪ್ಪಿದ ಕೊಳಗಕ್ಕಿಂತ ಅದು ದೊಡ್ಡದು. ಅಂಗಡಿ ಇಟ್ಟವರು ಲೆಕ್ಕ ಹಾಕಿ ನೋಡಿ. ಕೊಳಗಕ್ಕೆ ಕಾಲು ಸೇರು ಹೆಚ್ಚಾದರೆ 100 ಕೊಳಗಕ್ಕೆ 25 ಸೇರು ಹೆಚ್ಚಾಯಿತು. ವರ್ಷ ವರ್ಷವೂ, ತಲೆಮಾರು ತಲೆಮಾರಿಗೂ ಹೀಗೆಯೇ ಅಳೆದರೆ ಹೋದದ್ದು ಬರೀ ಭತ್ತವೇ? ಮಗನನ್ನು ಶಾಲೆಗೆ ಕಳುಹಿಸುವ ಆಸೆ, ಮಾಡಿಗೆ ಹೆಂಚು ಹೊದಿಸುವ ಆಸೆ, ಸಾಲ ತೀರಿಸುವ ಆಸೆ ಎಲ್ಲವೂ ಆ ಕೊಳಗದ ಬಾಯಿಗೆ ಬಿದ್ದವು.

ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿ ಈ ಗೇಣಿದಾರರನ್ನು ಒಂದುಗೂಡಿಸಿದರು. ಸರಿಯಾದ ಕೊಳಗದಿಂದ ಅಳೆಯಿರಿ ಎಂದು ಒಕ್ಕಲುಗಳು ಕೇಳಿದರು. ಅವರು ಗೇಣಿಯನ್ನೇ ಕೊಡುವುದಿಲ್ಲ ಎಂದವರಲ್ಲ. ನ್ಯಾಯವಾಗಿ ಅಳೆಯಿರಿ ಎಂದವರು. ಆ ಒಂದು ಮಾತಿಗೆ ಗದ್ದೆಯೇ ಕೈತಪ್ಪುವ ಹಾಗಾಯಿತು. ಆಗ 1951ರ ಏಪ್ರಿಲ್ ತಿಂಗಳಲ್ಲಿ ಅವರು ನೇಗಿಲು ಹೊತ್ತು ತಾವು ಉಳುತ್ತಿದ್ದ ಗದ್ದೆಗೇ ಇಳಿದರು. ಪೊಲೀಸರು ಹಿಡಿದರು. ಒಂದು ತಂಡ ಸೆರೆಮನೆಗೆ ಹೋದರೆ ಇನ್ನೊಂದು ತಂಡ ಗದ್ದೆಗೆ ಬಂದಿತು. ಶಾಂತವೇರಿ ಗೋಪಾಲಗೌಡರು ಹೋರಾಟಕ್ಕೆ ನಿಂತರು. ಅದೇ ವರ್ಷ ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಒಂದು ಸಣ್ಣ ಹಳ್ಳಿಯ ಕೊಳಗದ ಜಗಳ ದೇಶಕ್ಕೆಲ್ಲ ಗೊತ್ತಾಯಿತು.

ಮಾರನೆಯ ದಿನವೇ ಭೂಮಿ ಸಿಕ್ಕಿತೇ? ಇಲ್ಲ. ಭೂಸುಧಾರಣಾ ಶಾಸನ ಬಂದದ್ದು 1961ರಲ್ಲಿ. ದೇವರಾಜ ಅರಸರ ಕಾಲದಲ್ಲಿ ಅದನ್ನು ತಿದ್ದಿ, ಗೇಣಿ ಪದ್ಧತಿಯನ್ನೇ ತೆಗೆದು, ಉಳುವವನು ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿ ಒಡೆಯನಾಗುವ ದಾರಿ ತೆರೆದದ್ದು 1974ರಲ್ಲಿ. ನಡುವೆ 23 ವರ್ಷ. ಗದ್ದೆಗಿಳಿದವರಲ್ಲಿ ಹಲವರು ಅದನ್ನು ಕಾಣುವಷ್ಟು ದಿನ ಬದುಕಿರಲಾರರು. ಆದರೆ ಮಕ್ಕಳು ಕಂಡರು. ಅದೇ ಕಾಗೋಡಿನಲ್ಲಿ ಹುಟ್ಟಿದ ತಿಮ್ಮಪ್ಪನವರು 2013ರಲ್ಲಿ ವಿಧಾನಸಭೆಯ ಸಭಾಧ್ಯಕ್ಷರ ಪೀಠದಲ್ಲಿ ಕುಳಿತರು. ಕಾಗೋಡಿನವರು ಮುಂಚೆಯೂ ದುಡಿಯುತ್ತಿದ್ದರು, ಅನಂತರವೂ ದುಡಿದರು. ದುಡಿಮೆ ಅದೇ. ಬದಲಾದದ್ದು ಅಳತೆ.

ಇದು ಹಳ್ಳಿಯ ಮಾತಾಯಿತು, ಗಿರಣಿಯಲ್ಲಿ ಕೊಳಗವೆಲ್ಲಿದೆ ಎಂದು ನೀವು ಕೇಳಬಹುದು. ಗಿರಣಿಯಲ್ಲಿ ಗಡಿಯಾರವೇ ಕೊಳಗ. ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಒಂದು ಕಾಲಕ್ಕೆ ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಕೆಲಸ. ವಾರಕ್ಕೊಂದು ಬಿಡುವಿನ ದಿನವೂ ಇರಲಿಲ್ಲ. ಜೋತಿಬಾ ಫುಲೆಯವರ ಸಂಗಡಿಗರಾದ ನಾರಾಯಣ ಮೇಘಾಜಿ ಲೋಖಂಡೆ ಅವರು 1884ರಿಂದ ಕಾರ್ಮಿಕರನ್ನು ಕೂಡಿಸಿ ಕೇಳಿದರು. 1890ರಲ್ಲಿ ಭಾನುವಾರದ ರಜೆ ದೊರೆಯಿತು. ಇಂದು ನೀವು ಮಕ್ಕಳ ಜೊತೆ ಕಳೆಯುವ ಭಾನುವಾರ ಯಾರೋ ದಾನ ಕೊಟ್ಟದ್ದಲ್ಲ. 1911ರ ಶಾಸನ ಜವಳಿ ಗಿರಣಿಯಲ್ಲಿ ದಿನಕ್ಕೆ 12 ಗಂಟೆಯ ಮಿತಿ ಹಾಕಿತು. 1922ರಲ್ಲಿ ಅದು 11 ಆಯಿತು, 1934ರಲ್ಲಿ 10 ಆಯಿತು. 1948ರ ಕಾರ್ಖಾನೆ ಶಾಸನ ದಿನಕ್ಕೆ 9, ವಾರಕ್ಕೆ 48 ಎಂದಿತು. ಒಂದೊಂದು ಗಂಟೆ ಇಳಿಯಲು ಹತ್ತು, ಹನ್ನೆರಡು ವರ್ಷ ಹಿಡಿಯಿತು.

ಏರಲು ಅಷ್ಟು ಹೊತ್ತು ಬೇಕಾಗಲಿಲ್ಲ. 2023ರಲ್ಲಿ ನಮ್ಮ ರಾಜ್ಯದ ವಿಧಾನಮಂಡಲ ಕಾರ್ಖಾನೆ ಶಾಸನಕ್ಕೆ ತಿದ್ದುಪಡಿ ತಂದು, ದಿನದ ಮಿತಿಯನ್ನು 12 ಗಂಟೆಗೆ ಏರಿಸಲು ದಾರಿ ಮಾಡಿತು. ವಾರದ 48 ಗಂಟೆ ಹಾಗೆಯೇ ಇದೆ, ಕಾರ್ಮಿಕನ ಒಪ್ಪಿಗೆಯೂ ಬೇಕು ಎಂಬ ಸಮಾಧಾನ ಹೇಳಲಾಯಿತು. ಒಬ್ಬಂಟಿಯಾಗಿ ಮೇಲಧಿಕಾರಿಯ ಮೇಜಿನ ಮುಂದೆ ನಿಂತವನ ಒಪ್ಪಿಗೆ ಎಂಥದೆಂದು ನಿಮಗೆ ಗೊತ್ತು. ದಿನಕ್ಕೆ 12 ಗಂಟೆ ಮಗ್ಗದ ಮುಂದೆ ನಿಂತವನಿಗೆ ಮಲಗುವುದೇ ಕನಸು. ಬೇರೆ ಕನಸು ಕಾಣಲು ಹೊತ್ತೆಲ್ಲಿ?

ವರ್ತಕ ಬಂಧುಗಳೇ, ನಿಮ್ಮ ತಕ್ಕಡಿಗೂ ಇದಕ್ಕೂ ಸಂಬಂಧವಿದೆ. 1956ರ ಶಾಸನದಿಂದ ಸೇರು, ಪಾವು, ಚಟಾಕು ಹೋಗಿ, 1958ರ ಅಕ್ಟೋಬರ್ 1ರಿಂದ ಹಂತಹಂತವಾಗಿ ಕಿಲೋಗ್ರಾಂ ಬಂದಿತು. ದೇಶಕ್ಕೆಲ್ಲ ಒಂದೇ ಅಳತೆ, ಒಳ್ಳೆಯದೇ ಆಯಿತು. ಅಳತೆ ಮತ್ತು ತೂಕದ ಇಲಾಖೆಯವರು ಬಂದು ನಿಮ್ಮ ತೂಕದ ಕಲ್ಲುಗಳಿಗೆ ಮುದ್ರೆ ಹಾಕುತ್ತಾರೆ. ಮುದ್ರೆ ಹಳತಾಗಿದ್ದರೆ ದಂಡ ಹಾಕುತ್ತಾರೆ. ಹಾಕಲಿ, ಗಿರಾಕಿಗೆ ಮೋಸವಾಗಬಾರದು. ಆದರೆ ಬೆಳಿಗ್ಗೆ ತರಕಾರಿ ಗಾಡಿ ಹೂಡುವ ಮುಂಚೆ ನೀವು ತರುವ ಸಾಲಕ್ಕೆ ಮೀಟರ್ ಬಡ್ಡಿ ಹಾಕುವವನ ಲೆಕ್ಕದ ಪುಸ್ತಕಕ್ಕೆ ಯಾವ ಮುದ್ರೆಯಿದೆ? ನಿಮ್ಮ ಅಂಗಡಿಗೆ ಸಾಮಾನು ಕೊಳ್ಳಲು ಬರುವವರು ಇದೇ ಗಿರಣಿಯವರು. ಅವರ ಕೂಲಿಯಲ್ಲಿ ಕೊಳಗ ದೊಡ್ಡದಾದ ತಿಂಗಳು ನಿಮ್ಮ ಉದ್ರಿ ಪುಸ್ತಕ ದಪ್ಪವಾಗುತ್ತದೆ. ಆದುದರಿಂದ ಗಿರಣಿಯ ಮಾತು ಪೇಟೆಯ ಮಾತೂ ಹೌದು.

ಹಾಗಾದರೆ ಶ್ರದ್ಧೆಯನ್ನು ಬಿಡಬೇಕೇ? ಎಂದಿಗೂ ಬೇಡ. ಕಾಗೋಡಿನಲ್ಲಿ ಗದ್ದೆಗಿಳಿದವರು ಸೋಮಾರಿಗಳಲ್ಲ. ಮೈ ಮುರಿದು ದುಡಿದವರು. ತನ್ನ ಬೆವರಿನ ಬೆಲೆ ಬಲ್ಲವನಿಗೇ ಅಳತೆ ತಪ್ಪಿದ್ದು ಬೇಗ ಕಾಣುತ್ತದೆ. ಎಳೆ ಕಡಿದರೆ ಕೈ ತಾನಾಗಿ ಹೋಗಿ ಗಂಟು ಹಾಕುವಂಥ ಕಾರ್ಮಿಕ, ಗುಲಗಂಜಿಯಷ್ಟೂ ಕಡಿಮೆ ತೂಗದ ವರ್ತಕ, ಇವರ ಮಾತಿಗೆ ಇರುವ ಬಲ ಬೇರೆ. ನಾವು ಹೇಳುವುದು ಇಷ್ಟೇ. ಶ್ರದ್ಧೆ ಎಂದರೆ ತಲೆ ತಗ್ಗಿಸುವುದಲ್ಲ. ಒಳ್ಳೆಯ ಕೆಲಸ ಮಾಡುವುದು ಅದರ ಒಂದು ಮುಖ, ಅದಕ್ಕೆ ಸರಿಯಾದ ಅಳತೆ ಕೇಳುವುದು ಇನ್ನೊಂದು ಮುಖ.

ಇದಕ್ಕೆ ದೊಡ್ಡ ವಿದ್ಯೆ ಬೇಕಾಗಿಲ್ಲ. ಸಂಬಳದ ಚೀಟಿಯನ್ನು ಮಡಿಸಿ ಜೇಬಿಗಿಡುವ ಮುಂಚೆ ಓದಿ. ಬಾರದಿದ್ದರೆ ಶಾಲೆಗೆ ಹೋಗುವ ಮಗಳಿಂದ ಓದಿಸಿ. ಹೆಚ್ಚು ಹೊತ್ತು ದುಡಿದ ಗಂಟೆಗಳನ್ನು ನೀವೇ ಬರೆದಿಡಿ. ಅವಕ್ಕೆ ಎರಡರಷ್ಟು ಕೂಲಿ ಕೊಡತಕ್ಕದ್ದೆಂದು ಶಾಸನವಿದೆ. ವರ್ತಕರು ಬಡ್ಡಿಯ ಲೆಕ್ಕವನ್ನು ತಮ್ಮ ಪುಸ್ತಕದಲ್ಲೂ ಬರೆದಿಡಿ. ಲೆಕ್ಕ ತಪ್ಪಿದ್ದು ಕಂಡರೆ ಒಬ್ಬರೇ ಹೋಗಬೇಡಿ. ಕಾಗೋಡಿನವರು ಒಬ್ಬೊಬ್ಬರಾಗಿ ಕೇಳಿದ್ದರೆ ಆ ಕೊಳಗ ಇಂದಿಗೂ ಅಳೆಯುತ್ತಿತ್ತು.