ಕಾಲುವೆ ಏರಿ ಮೇಲೆ ಗ್ರಾವೆಲ್ ಸೈಕಲ್: ನೀರು ಎಲ್ಲಿಗೆ ಬಂತು?



ಪುಣೆಯಲ್ಲಿರೋ ನಮ್ಮಂಥ ಐಟಿ ಜನ ಸೈಕಲ್ ತಗೊಂಡ್ರೆ ಮೊದಲು ಹೋಗೋದು ಸಿಂಹಗಡಕ್ಕೆ. ಘಾಟಿ ಹತ್ತೋದು, ಮೇಲೆ ಪಿಠ್ಲ-ಭಾಕ್ರಿ ತಿನ್ನೋದು, ಫೋಟೋ ಹಾಕೋದು. ತಪ್ಪೇನಿಲ್ಲ. ಆದ್ರೆ ನಾನು ಇವತ್ತು ಮಾತಾಡೋಕೆ ಬಂದಿರೋದು ಹತ್ತೋಕೆ ಏನೂ ಇಲ್ಲದ ಸವಾರಿ ಬಗ್ಗೆ. ಪುಣೆಯಿಂದ ಪೂರ್ವಕ್ಕೆ, ಸೊಲ್ಲಾಪುರ ರಸ್ತೆ ಕಡೆ, ಉರುಳಿ ಕಾಂಚನ, ಯವತ್, ಪಾಟಸ್ ಅಂತ ಊರುಗಳು ಬರ್ತಾವಲ್ಲ, ಅಲ್ಲಿ ಕಾಲುವೆ ಏರಿ ಮೇಲಿನ ಗರಸು ದಾರಿ.

ಈ ಕಾಲುವೆ ಖಡಕ್‌ವಾಸ್ಲಾ ಅಣೆಕಟ್ಟಿನಿಂದ ಹೊರಡೋ ಮುಠಾ ಬಲದಂಡೆ ಕಾಲುವೆ. ಉದ್ದ ಸುಮಾರು 200 ಕಿಲೋಮೀಟರ್. ಪುಣೆ ಊರೊಳಗೇ ಹಾದು, ಹಡಪಸರ್ ದಾಟಿ, ದೌಂಡ್ ಮತ್ತು ಇಂದಾಪುರ ತಾಲ್ಲೂಕುಗಳಿಗೆ ನೀರು ಕೊಡುತ್ತೆ. ಊರೊಳಗಿನ ಭಾಗದಲ್ಲಿ ಸೈಕಲ್ ತುಳಿಯೋ ಆಸೆ ಬಿಟ್ಬಿಡಿ, ಅಲ್ಲಿ ಕಸ, ಮನೆಗಳು, ನಾಯಿ. ಅದರ ಪಕ್ಕಕ್ಕೆ ಹಳೇ ಕಾಲುವೆ ಒಂದಿದೆ, ಬೇಬಿ ಕಾಲುವೆ ಅಂತಾರೆ. ಮುಂಢವಾದಲ್ಲಿ ಊರಿನ ಬಳಸಿದ ನೀರನ್ನ ಶುದ್ಧ ಮಾಡಿ ಅದಕ್ಕೆ ಬಿಡ್ತಾರೆ. ಶುದ್ಧ ಅನ್ನೋದು ಕಾಗದದ ಮಾತು, ಮೂಗು ಬೇರೆ ಹೇಳುತ್ತೆ. ಬೆಳಿಗ್ಗೆ ನಾವು ಸ್ನಾನ ಮಾಡಿದ ನೀರೇ ಅಲ್ಲಿ ಕಬ್ಬಿಗೆ ಹೋಗ್ತಿರುತ್ತೆ ಅಂತ ಗೊತ್ತಾದ ಮೇಲೆ ಮೂಗು ಮುಚ್ಚಿಕೊಳ್ಳೋಕೂ ಒಂಥರಾ ಸಂಕೋಚ.

ನಾನು ಮಂಡ್ಯ ಜಿಲ್ಲೆಯವನು. ಕಾಲುವೆ ಅಂದ್ರೆ ನನಗೆ ಹೊಸದಲ್ಲ. ಆದ್ರೆ ಕಾಲುವೆ ಹೇಗೆ ಕೆಲಸ ಮಾಡುತ್ತೆ ಅಂತ ತಿಳಿದಿದ್ದು ಸೈಕಲ್ ಮೇಲೆ. ಕಾರಲ್ಲಿ ಹೋದ್ರೆ ಅದು ಒಂದು ಸೇತುವೆ, ಅರ್ಧ ಸೆಕೆಂಡು. ಏರಿ ಮೇಲೆ ಮೂವತ್ತು ಕಿಲೋಮೀಟರ್ ತುಳಿದ್ರೆ ನಿಮಗೆ ಗೊತ್ತಾಗುತ್ತೆ, ಅದು ನೆಟ್ಟಗೆ ಹೋಗೋದೇ ಇಲ್ಲ. ನೆಲದ ಮಟ್ಟ ಹಿಡ್ಕೊಂಡು ಹಾವಿನ ಥರ ಸುತ್ತುತ್ತೆ. ಕಿಲೋಮೀಟರಿಗೆ ಒಂದು ಗೇಣು, ಎರಡು ಗೇಣು ಅಷ್ಟೇ ಇಳಿಜಾರು. ನಿಮ್ಮ ಸೈಕಲ್ ಕಂಪ್ಯೂಟರ್ ಅದನ್ನ ಸೊನ್ನೆ ಅಂತಾನೇ ತೋರಿಸುತ್ತೆ. ನೀರಿಗೆ ಮಾತ್ರ ಅಷ್ಟು ಸಾಕು.

ಇನ್ನೊಂದು ಗಮನಿಸಿ. ಬಲದಂಡೆ ಕಾಲುವೆ ಆದ್ದರಿಂದ ನೀರಿನ ಜೊತೆ ಹೋಗುವಾಗ ನದಿ ನಿಮ್ಮ ಎಡಕ್ಕಿರುತ್ತೆ. ಎಡಗಡೆ ತಗ್ಗು, ತೂಬಿನಿಂದ ನೀರು ತಾನಾಗೇ ಇಳಿಯುತ್ತೆ, ಕಣ್ಣು ಹಾಯಿಸಿದಷ್ಟು ಕಬ್ಬು. ಬಲಗಡೆ ಎತ್ತರ, ನೀರು ತಾನಾಗಿ ಏರೋದಿಲ್ಲ. ಅಲ್ಲಿ ಜೋಳ, ಕುರಿ, ಬಳ್ಳಾರಿ ಜಾಲಿ. ಮಧ್ಯ ಇಪ್ಪತ್ತು ಅಡಿ ನೀರು, ಅಷ್ಟೇ. ಬಲಗಡೆಯವರು ಮೋಟಾರು ಇಟ್ಟು ಎತ್ತುತ್ತಾರೆ. ಅವರ ಪೈಪು ದಾರಿಗೆ ಅಡ್ಡ ಬಿದ್ದಿರುತ್ತೆ, ನೋಡ್ಕೊಂಡು ದಾಟಬೇಕು. ಯಾವ ಮೋಟಾರಿಗೆ ಅನುಮತಿ ಇದೆ, ಯಾವುದಕ್ಕೆ ಇಲ್ಲ ಅಂತ ನಮಗೆ ಹೊರಗಿಂದ ತಿಳಿಯೋದಿಲ್ಲ.

ಸಲಕರಣೆ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ನಮ್ಮ ಜನ ಇದರಲ್ಲೇ ಆರು ತಿಂಗಳು ಕಳೀತಾರೆ. ಟೈರು 40 ಮಿಲಿಮೀಟರ್ ಆಸುಪಾಸು, ಡಿಸ್ಕ್ ಬ್ರೇಕು. ಗಾಳಿ ರಸ್ತೆ ಸೈಕಲ್ಲಿಗಿಂತ ತುಂಬಾ ಕಡಿಮೆ, 35-40 ಪಿಎಸ್‌ಐ. ಸಾಧ್ಯ ಆದ್ರೆ ಟ್ಯೂಬ್‌ಲೆಸ್ ಮಾಡ್ಸಿ, ಒಳಗೆ ಸೀಲೆಂಟ್ ಹಾಕ್ಸಿ. ಜಾಲಿ ಮುಳ್ಳಿನ ಎದುರು ಮಾಮೂಲಿ ಟ್ಯೂಬು ನಿಲ್ಲಲ್ಲ. ಗ್ರಾವೆಲ್ ಬೈಕೇ ಬೇಕು ಅಂತೇನಿಲ್ಲ, ಹೈಬ್ರಿಡ್ ಸೈಕಲ್ಲೂ ನಡಿಯುತ್ತೆ. ಆ ದಾರೀಲಿ ಹಾಲಿನ ಕ್ಯಾನು ಕಟ್ಕೊಂಡು ಮಾಮೂಲಿ ಸೈಕಲ್ಲಲ್ಲಿ ನಮ್ಮನ್ನ ಹಿಂದೆ ಹಾಕಿ ಹೋದವರನ್ನ ನೋಡಿದ್ದೀನಿ. ಮಳೆಗಾಲದಲ್ಲಿ ಮಾತ್ರ ಬೇಡ. ಗರಸು ಮುಗಿದು ಎರೆಮಣ್ಣು ಶುರುವಾದ್ರೆ ಚಕ್ರಕ್ಕೆ ಮೆತ್ತಿಕೊಂಡು ತಿರುಗೋದೇ ಇಲ್ಲ, ಸೈಕಲ್ ಹೊತ್ಕೊಂಡು ನಡೀಬೇಕು.

ನಿಧಾನವಾಗಿ ಹೇಳ್ಬೇಕಾಗಿರೋದು ನೀರಿನ ಬಗ್ಗೆ. 2018ರ ನವೆಂಬರ್ 24, ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ರ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿತ್ತು. 30 ಜನ ಹೋದ್ರು, ಶಾಲೆಯಿಂದ ಮನೆಗೆ ಬರ್ತಿದ್ದ ಮಕ್ಕಳೂ ಅದರಲ್ಲಿದ್ರು. ಅದಕ್ಕೆ ಎರಡು ತಿಂಗಳು ಮುಂಚೆ, ಸೆಪ್ಟೆಂಬರ್ 27ಕ್ಕೆ, ಇದೇ ಮುಠಾ ಕಾಲುವೆ ಪುಣೆಯ ದಾಂಡೇಕರ್ ಪೂಲ್ ಹತ್ರ ಒಡೆದು ಬಡವರ ಮನೆಗಳಿಗೆ ನುಗ್ಗಿತ್ತು. ಕಾಲುವೆ ಶಾಂತವಾಗಿ ಕಾಣುತ್ತೆ, ಶಬ್ದ ಇಲ್ಲ. ಕಾಂಕ್ರೀಟ್ ಹಾಕಿದ ಕಡೆ ಇಳಿಜಾರಿನ ಮೇಲೆ ಪಾಚಿ ಇರುತ್ತೆ, ಬಿದ್ದವರಿಗೆ ಈಜು ಬಂದ್ರೂ ಮೇಲೆ ಹತ್ತೋಕೆ ಹಿಡಿತ ಸಿಗಲ್ಲ. ಅದಕ್ಕೇ ನಮ್ಮ ಗುಂಪಿನಲ್ಲಿ ಯಾರೂ ನೀರಿನ ಅಂಚಿಗೆ ಸೈಕಲ್ ಬಿಡೋ ಹಾಗಿಲ್ಲ. ಹೊಲದ ಕಡೆಯ ಗಾಲಿ ಜಾಡಿನಲ್ಲೇ ಹೋಗ್ಬೇಕು, ಪಕ್ಕಪಕ್ಕ ಹೋಗ್ಬಾರ್ದು, ಮುಖ ತೊಳೆಯೋಕೂ ಇಳೀಬಾರ್ದು. ಕತ್ತಲಾಗೋ ಮುಂಚೆ ಡಾಂಬರು ರಸ್ತೆಗೆ ಬಂದಿರ್ಬೇಕು.

ಆಮೇಲೆ, ಅದು ಸಾರ್ವಜನಿಕ ರಸ್ತೆ ಅಲ್ಲ. ನೀರಾವರಿ ಇಲಾಖೆಯ ತಪಾಸಣೆ ದಾರಿ. ಯಾರಾದ್ರೂ ಹೋಗ್ಬೇಡಿ ಅಂದ್ರೆ ವಾದ ಮಾಡದೆ ವಾಪಸ್ ಬರೋದು.

ಈಗ ನಾನು ನಿಜವಾಗಿ ಹೇಳೋಕೆ ಬಂದ ವಿಷಯ. ಆ ಕಡೆ ನೀರು ವರ್ಷವಿಡೀ ಹರಿಯಲ್ಲ. ಸರದಿ ಪ್ರಕಾರ ಬಿಡ್ತಾರೆ, ಮರಾಠಿಯಲ್ಲಿ ಆವರ್ತನ ಅಂತಾರೆ. ಒಣಗಿದ ಕಾಲುವೆಗೆ ನೀರು ಬಿಟ್ರೆ ಅದರ ತಲೆ ಮನುಷ್ಯ ನಡೆಯೋಕಿಂತ ನಿಧಾನಕ್ಕೆ ಮುಂದೆ ಹೋಗುತ್ತೆ. ನಾವು ಗಂಟೆಗೆ ಹದಿನೈದು ಕಿಲೋಮೀಟರ್ ಹೋಗ್ತೀವಿ. ಅಂದ್ರೆ ನಾವು ನೀರನ್ನ ಹಿಂದೆ ಹಾಕ್ತೀವಿ! ಒಂದು ಫೆಬ್ರವರಿಯಲ್ಲಿ ಹಾಗೇ ಆಯ್ತು. ಕಸ, ನೊರೆ, ಒಣ ಎಲೆ ತಳ್ಕೊಂಡು ಬರ್ತಿದ್ದ ನೀರಿನ ತಲೆಯನ್ನ ದಾಟಿ ಮುಂದೆ ಹೋದ್ವಿ. ಅಲ್ಲಿಂದಾಚೆ ಪ್ರತಿ ತೂಬಿನ ಹತ್ರ ಜನ ನಿಂತಿದ್ರು, ಎಲ್ಲರದೂ ಒಂದೇ ಪ್ರಶ್ನೆ: "ಪಾಣೀ ಕುಠಪರ್ಯಂತ ಆಲಂ?" ನೀರು ಎಲ್ಲಿಗೆ ಬಂತು?

ನಮ್ಮೂರು ಕೂಡ ನಾಲೆಯ ಕೊನೆ ಭಾಗ. ನಮ್ಮಪ್ಪ ರಾತ್ರಿ ಟಾರ್ಚು ಹಿಡ್ಕೊಂಡು ಏರಿ ಮೇಲೆ ನಿಂತು, ಬರೋ ಹೋಗೋರನ್ನೆಲ್ಲ ಕೇಳ್ತಿದ್ದಿದ್ದು ಇದೇ ಪ್ರಶ್ನೆ. ಭಾಷೆ ಬೇರೆ ಅಷ್ಟೇ.

ಕೊನೆಯ ಊರಿನಲ್ಲಿ ಒಬ್ಬ ಹಿರಿಯರು ಇನ್ನೊಂದು ಮಾತು ಕೇಳಿದ್ರು. "ಮೇಲೆ ಯಾರು ಯಾರು ಮೋಟಾರು ಇಟ್ಟಿದ್ದಾರೆ, ನಿಮ್ಮ ಫೋನಲ್ಲಿ ಫೋಟೋ ಇದ್ರೆ ಕೊಡಿ. ಸಾಹೇಬ್ರಿಗೆ ತೋರಿಸ್ತೀನಿ." ಫೋಟೋ ನಮ್ಮ ಹತ್ರ ಇತ್ತು, ಒಬ್ಬ ಗೆಳೆಯ ದೃಶ್ಯ ಚೆನ್ನಾಗಿದೆ ಅಂತ ತೆಗೆದಿದ್ದ. ಅದರಲ್ಲಿದ್ದ ಮೋಟಾರಿನ ಯಜಮಾನರೇ ಒಂದು ಗಂಟೆ ಮುಂಚೆ ನಮಗೆ ಚಹಾ ಕೊಟ್ಟಿದ್ರು. ಅವರದ್ದು ಬಲಗಡೆಯ ಒಣ ನೆಲ, ಎರಡು ಎಕರೆ. ನಾವು ಫೋಟೋ ಕೊಡಲಿಲ್ಲ. ನೀರು ಎಲ್ಲಿಗೆ ಬಂದಿದೆ, ನಮ್ಮ ಲೆಕ್ಕದಲ್ಲಿ ಯಾವಾಗ ತಲುಪಬಹುದು ಅಂತ ಮಾತ್ರ ಹೇಳಿದ್ವಿ. ಹಿರಿಯರು ಬೈಯಲಿಲ್ಲ, ಮುಖ ತಿರುಗಿಸಿಕೊಂಡ್ರು. ನಮ್ಮಪ್ಪ ಆ ಜಾಗದಲ್ಲಿದ್ದಿದ್ರೆ ಬೈದಿರೋರು.

ವಾಪಸ್ ಬಂದ ಮೇಲೆ ಗುಂಪಿನಲ್ಲಿ ದೊಡ್ಡ ಚರ್ಚೆ. ಕಳ್ಳತನ ಕಂಡೂ ಸುಮ್ಮನಿರೋದು ಸರಿಯಾ ಅಂತ ಕೆಲವರು. ಅವರ ಮಾತಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ, ಕೊನೆಯವರ ಪಾಲು ಹೋಗೋದು ನಿಜ. ಆದ್ರೂ ನನ್ನ ನಿಲುವು ಇಷ್ಟು: ತಿಂಗಳಿಗೊಮ್ಮೆ ಬರೋ ನಾವು ಎರಡು ಎಕರೆಯವನ ಫೋಟೋ ಒಪ್ಪಿಸ್ತೀವಿ, ಹತ್ತು ಅಶ್ವಶಕ್ತಿ ಮೋಟಾರು ಮನೆ ಹಿಂದೆ ಮರೆಯಲ್ಲಿರುತ್ತೆ, ಅದು ನಮ್ಮ ಕಣ್ಣಿಗೆ ಬೀಳಲ್ಲ. ಅದೇ ಕಾರಣಕ್ಕೆ ನಮ್ಮ ದಾರಿಯ ಜಿಪಿಎಸ್ ಫೈಲು ಕೂಡ ಆ್ಯಪ್‌ನಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕಲ್ಲ. ಬೇಕಾದವರಿಗೆ ಕೈಯಿಂದ ಕೈಗೆ ಕೊಡ್ತೀವಿ.

ಈ ಜಗಳ ಹೊಸದಲ್ಲ. ನಮ್ಮ ಕಡೆ ಮನೆಮನೆಯಲ್ಲಿ ಫೋಟೋ ಇರೋ ವಿಶ್ವೇಶ್ವರಯ್ಯನವರು ಓದಿದ್ದು ಪುಣೆಯಲ್ಲಿ, 1884ರಲ್ಲಿ ಕೆಲಸಕ್ಕೆ ಸೇರಿದ್ದು ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ. 1903ರಲ್ಲಿ ಅವರ ಸ್ವಯಂಚಾಲಿತ ಗೇಟುಗಳು ಮೊದಲು ಕೂತಿದ್ದು ಇದೇ ಖಡಕ್‌ವಾಸ್ಲಾದಲ್ಲಿ, ಕನ್ನಂಬಾಡಿಗೆ ಬಂದಿದ್ದು ಆಮೇಲೆ. ಗೇಟಿನ ಕತೆ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ನೀರಾ ಕಾಲುವೆ ಕಡೆ ಅವರು ತಂದ ಬ್ಲಾಕ್ ಪದ್ಧತಿ. ನೀರು ಸಿಕ್ಕವರೆಲ್ಲ ಕಬ್ಬೇ ಹಾಕೋ ಬದಲು, ಜಮೀನನ್ನ ಬ್ಲಾಕ್ ಮಾಡಿ, ಒಂದು ಭಾಗಕ್ಕೆ ಮಾತ್ರ ಕಬ್ಬು, ಉಳಿದದ್ದಕ್ಕೆ ಕಡಿಮೆ ನೀರಿನ ಬೆಳೆ, ವರ್ಷವರ್ಷ ಸರದಿ. ಹೆಚ್ಚು ಊರುಗಳಿಗೆ ನೀರು ಸಿಗ್ಲಿ, ನೆಲ ಸವಳು-ಜವಳು ಆಗದಿರ್ಲಿ ಅಂತ. ಏರಿ ಮೇಲೆ ಹೋಗುವಾಗ ಕಬ್ಬಿನ ಮಧ್ಯೆ ಬಿಳೀ ಉಪ್ಪು ಮೇಲೆದ್ದ ಬರಡು ತುಂಡು ಕಂಡ್ರೆ ಅದನ್ನ ನೆನಪು ಮಾಡ್ಕೊಳ್ಳಿ.

ಈ ದಾರಿಗಳು ಹೀಗೇ ಇರ್ತಾವೆ ಅಂತಾನೂ ಹೇಳೋ ಹಾಗಿಲ್ಲ. ಖಡಕ್‌ವಾಸ್ಲಾದಿಂದ ಫುರ್ಸುಂಗಿವರೆಗೆ ಸುರಂಗ ಕೊರೆದು ನೀರು ಒಯ್ಯೋ ಯೋಜನೆ ಇದೆ, ಸೋರಿಕೆ ಮತ್ತು ಕಳವು ತಪ್ಪಿಸೋಕೆ. ಬೇರೆ ಕಡೆ ಕಾಲುವೆಗೆ ಕಾಂಕ್ರೀಟು ಹಾಕೋ ಮಾತು ಬಂದಾಗ ರೈತರೇ ಬೇಡ ಅಂದಿದ್ದಾರೆ. ಯಾಕಂದ್ರೆ ಇಲಾಖೆ ಸೋರಿಕೆ ಅಂತ ಲೆಕ್ಕ ಬರೆಯೋ ನೀರು ಅಕ್ಕಪಕ್ಕದವರ ಬಾವಿಯಲ್ಲಿ ಇರುತ್ತೆ.

ಮುಂದಿನ ಆವರ್ತನ ಬಿಟ್ಟ ಮೇಲಿನ ಭಾನುವಾರ ಯವತ್‌ನಿಂದ ಪಾಟಸ್ ಕಡೆಗೆ ಹೋಗ್ತಿದ್ದೀವಿ. ಹನ್ನೆರಡು ಜನರ ಮೇಲೆ ಕರ್ಕೊಂಡು ಹೋಗಲ್ಲ. ಬೆಳಿಗ್ಗೆ ಐದೂವರೆಗೆ ಹಡಪಸರ್‌ನಲ್ಲಿ ಸೇರೋದು, ಎರಡು ಟ್ಯೂಬು, ಪಂಪು, ಮೂರು ಲೀಟರ್ ಕುಡಿಯೋ ನೀರು ತನ್ನಿ. ಮರಾಠಿ ಬರದವರು ಆ ಒಂದು ಪ್ರಶ್ನೆ ಕಲ್ತುಕೊಂಡು ಬನ್ನಿ, ದಾರಿಯುದ್ದ ಕೇಳ್ತಾರೆ. ಈಗ ನಿಮ್ಮ ಪ್ರಶ್ನೆಗಳಿದ್ರೆ ಕೇಳಿ.