ನುಡಿಯುವ ಮುನ್ನ ಕೇಳೋಣ

(ಶತಮಾನೋತ್ಸವದ ಕುಟುಂಬ ಸಮ್ಮೇಳನದಲ್ಲಿ ಮಾಡಿದ ಭಾಷಣ)



ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತುಗಳನ್ನಾಡಲು ಅವಕಾಶವಿತ್ತುದಕ್ಕಾಗಿ ನಾನು ಕೃತಜ್ಞನಾಗಿದ್ದೇನೆ. ಈ ನೂರು ವರ್ಷಗಳಲ್ಲಿ ಈ ದೇವಾಲಯದಲ್ಲಿ ಎಷ್ಟೋ ಪ್ರಸಂಗಗಳು ನಡೆದಿವೆ. ಅವುಗಳಲ್ಲಿ ಹೆಚ್ಚಿನವನ್ನು ನಾವು ಮರೆತಿದ್ದೇವೆ. ಆದರೆ ಪಾಪನಿವೇದನೆಯ ಪೀಠದಲ್ಲಿ ಕುಳಿತು ನಮ್ಮ ದುಃಖವನ್ನು ತಾಳ್ಮೆಯಿಂದ ಆಲಿಸಿದ ಗುರುಗಳನ್ನು ನಾವಾರೂ ಮರೆತಿಲ್ಲ. ನಾನಿಂದು ಹೇಳಬೇಕೆಂದಿರುವುದು ಇಷ್ಟೇ: ಇನ್ನೊಬ್ಬರಿಗೆ ಕಿವಿಗೊಡದವನ ಮಾತು ಎಷ್ಟೇ ಸತ್ಯವಾಗಿದ್ದರೂ ಪ್ರೀತಿಯ ಮಾತಾಗಲಾರದು.

ಸಂತ ಲೂಕನ ಶುಭಸಂದೇಶದ 24ನೆಯ ಅಧ್ಯಾಯವನ್ನು ನೆನೆಯಿರಿ. ಪುನರುತ್ಥಾನದ ದಿನ ಇಬ್ಬರು ಶಿಷ್ಯರು ಜೆರುಸಲೇಮಿನಿಂದ ಸುಮಾರು 11 ಕಿಲೋಮೀಟರ್ ದೂರದ ಎಮ್ಮಾವು ಎಂಬ ಹಳ್ಳಿಗೆ ಭಾರವಾದ ಹೃದಯದಿಂದ ನಡೆದಿದ್ದರು. ಯೇಸುಸ್ವಾಮಿ ಅಪರಿಚಿತರಂತೆ ಅವರ ಜೊತೆಗೂಡಿದರು. ನಡೆದುದನ್ನು ಸ್ವಾಮಿಗಿಂತ ಚೆನ್ನಾಗಿ ಬಲ್ಲವರಾರು? ಶಿಲುಬೆಯನ್ನೇರಿದವರು ಅವರೇ ಅಲ್ಲವೇ? ಆದರೂ ‘ನನಗೆಲ್ಲ ಗೊತ್ತು’ ಎನ್ನಲಿಲ್ಲ. ಏನಾಯಿತೆಂದು ವಿಚಾರಿಸಿದರು, ಶಿಷ್ಯರ ನಿರಾಶೆಯನ್ನೂ ತಪ್ಪು ತಿಳಿವಳಿಕೆಯನ್ನೂ ಕೊನೆಯವರೆಗೆ ಆಲಿಸಿದರು. ಅನಂತರವೇ ಅವರನ್ನು ತಿದ್ದಿದರು, ಧರ್ಮಶಾಸ್ತ್ರವನ್ನು ವಿವರಿಸಿದರು. ಆ ತಿದ್ದುವ ಮಾತು ಮೃದುವಾಗಿರಲಿಲ್ಲ. ಆದರೂ ಶಿಷ್ಯರು ಮುನಿಯಲಿಲ್ಲ. ರಾತ್ರಿ ತಮ್ಮಲ್ಲಿಯೇ ತಂಗಬೇಕೆಂದು ಬಲವಂತಪಡಿಸಿದರು. ತನ್ನನ್ನು ಪೂರ್ತಿ ಕೇಳಿದವರ ಗದರಿಕೆಯನ್ನೂ ಮನುಷ್ಯ ಸ್ವೀಕರಿಸುತ್ತಾನೆ.

ಇದನ್ನು ಬಾಳಿ ತೋರಿದವರು ಸಂತ ಫ್ರಾನ್ಸಿಸ್ ಡಿ ಸೇಲ್ಸ್ (1567–1622). ಯುವ ಗುರುವಾಗಿದ್ದಾಗ, ತಮ್ಮ ಪ್ರಸಂಗ ಕೇಳಲು ಜನರು ಬಾರದಿರಲು, ಬೋಧನೆಯನ್ನು ಬಿಡಿಹಾಳೆಗಳಲ್ಲಿ ಬರೆದು ಮನೆಮನೆಗೆ ಮುಟ್ಟಿಸಿದರು. 1923ರಲ್ಲಿ ಜಗದ್ಗುರು ಹನ್ನೊಂದನೆಯ ಪಿಯುಸರು ಅವರನ್ನು ಕಥೋಲಿಕ ಬರಹಗಾರರ ಪಾಲಕರೆಂದು ಸಾರಿದರು. ಅದೇ ಸಂತರನ್ನು ಕಿವುಡರೂ ತಮ್ಮ ಪಾಲಕರೆಂದು ಗೌರವಿಸುತ್ತಾರೆ. ಏಕೆಂದರೆ, ಧರ್ಮಾಧ್ಯಕ್ಷರಾಗಿದ್ದಾಗ ಮಾರ್ಟಿನ್ ಎಂಬ ಕಿವುಡನಿಗೆ ಸನ್ನೆಗಳ ಮೂಲಕ ಧರ್ಮೋಪದೇಶ ಮಾಡಿ, ಪರಮಪ್ರಸಾದಕ್ಕೆ ಸಿದ್ಧಗೊಳಿಸಿದರು. ಸನ್ನೆಯಿಂದ ಕಲಿಸಬೇಕಾದವನು ಮೊದಲು ಎದುರಿನವನ ಸನ್ನೆಯನ್ನು ತಾನು ಕಲಿಯಬೇಕು. ಇದೂ ಆಲಿಸುವಿಕೆಯೇ.

ಇನ್ನು ನನ್ನದೇ ತಪ್ಪೊಂದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ಹೊಲದ ಬದುವಿನ ಸಲುವಾಗಿ ನಾನೂ ನನ್ನ ತಮ್ಮನೂ ಏಳು ವರ್ಷ ಮಾತು ಬಿಟ್ಟಿದ್ದೆವು. ಒಂದೇ ಬಲಿಪೂಜೆಗೆ ಬರುತ್ತಿದ್ದೆವು. ಶಾಂತಿಯನ್ನು ಹಂಚಿಕೊಳ್ಳುವ ಹೊತ್ತಿಗೆ ಇಬ್ಬರೂ ಬೇರೆ ಕಡೆ ತಿರುಗುತ್ತಿದ್ದೆವು. ಕೊನೆಗೆ ವೃದ್ಧ ಗುರುಗಳೊಬ್ಬರು ನಮ್ಮಿಬ್ಬರನ್ನೂ ಕರೆಸಿದರು. ಅವರು ನ್ಯಾಯ ತೀರ್ಮಾನ ಮಾಡಲಿಲ್ಲ. “ನಿನ್ನ ತಮ್ಮನ ದೂರು ಏನೆಂಬುದನ್ನು ಅವನು ಒಪ್ಪುವಂತೆ ನೀನೇ ಹೇಳಪ್ಪ” ಎಂದರು. ಮೂರು ಸಲ ಹೇಳಿದೆ. ಮೂರು ಸಲವೂ ತಮ್ಮ “ಅದಲ್ಲಣ್ಣ” ಎಂದ. ಆಗ ನಾನು ಬಾಯಿ ಮುಚ್ಚಿದೆ, ಅವನು ಹೇಳತೊಡಗಿದ. ಅವನ ನೋವು ಬದುವಿನದಾಗಿರಲಿಲ್ಲ. ತಾಯಿಯ ಕೊನೆಯ ದಿನಗಳಲ್ಲಿ ಹಗಲಿರುಳು ಆರೈಕೆ ಮಾಡಿದವನು ಅವನು. ಆಕೆಯನ್ನು ಮಣ್ಣು ಮಾಡಿದ ದಿನ ನೆಂಟರ ಮುಂದೆ ನಾನು, “ಮನೆಯಲ್ಲಿ ಸುಮ್ಮನೆ ಕೂರುವವನಿಗೇನು ಕಷ್ಟ?” ಎಂದುಬಿಟ್ಟಿದ್ದೆ. ಆಡಿದ ನನಗೆ ಅದು ನೆನಪಿರಲಿಲ್ಲ. ಕೇಳಿದ ಅವನು ಏಳು ವರ್ಷ ಮರೆತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಹಿರಿಯರ ಗಾದೆಯ ತೂಕ ನನಗೆ ಅಂದು ತಿಳಿಯಿತು. ಬದು ಇಂದಿಗೂ ಇದ್ದಲ್ಲಿಯೇ ಇದೆ. ನಾವು ಮಾತ್ರ ಈಗ ಒಂದೇ ಸಾಲಿನಲ್ಲಿ ಕುಳಿತುಕೊಳ್ಳುತ್ತೇವೆ.

ಬಂಧುಗಳೇ, ಕಿವಿ ಚುರುಕಾಗಿರಲಿ, ನಾಲಿಗೆ ನಿಧಾನವಾಗಿರಲಿ ಎಂಬುದು ಸಂತ ಯಾಕೋಬರು ತಮ್ಮ ಪತ್ರದಲ್ಲಿ ನೀಡಿರುವ ಬುದ್ಧಿವಾದದ ತಾತ್ಪರ್ಯ. ಇದನ್ನು ಇಂದು ಸಂಜೆಯೇ ಮನೆಯಲ್ಲಿ ಆರಂಭಿಸಬಹುದು. ಕುಟುಂಬದ ಜಪಮಾಲೆ ಮುಗಿದ ಬಳಿಕ ಮುದುಕರು ಹಳೆಯ ಕಥೆಯನ್ನೇ ಮತ್ತೆ ಹೇಳಿದರೂ ನಡುವೆ ತಡೆಯದಿರೋಣ. ಮಗು ತಪ್ಪು ಮಾಡಿ ಬಂದರೆ, ಬೈಯುವ ಮೊದಲು ಅದರ ಮಾತನ್ನು ಪೂರ್ತಿ ಕೇಳೋಣ. ಮಾತು ಬಿಟ್ಟವರು ಯಾರಾದರೂ ಇದ್ದರೆ, ನಮ್ಮ ನ್ಯಾಯವನ್ನು ಬದಿಗಿಟ್ಟು, “ನಿನ್ನ ನೋವೇನು?” ಎಂದು ಅವರ ಬಾಗಿಲಿಗೆ ಹೋಗಿ ಕೇಳೋಣ. ನೂರು ವರ್ಷದ ಈ ಹಬ್ಬಕ್ಕೆ ನಾವು ಸಲ್ಲಿಸಬಹುದಾದ ಉತ್ತಮ ಕಾಣಿಕೆ ಇದುವೇ.

ಎಮ್ಮಾವಿನ ದಾರಿಯಲ್ಲಿ ಜೊತೆ ನಡೆದ ಪ್ರಭು ನಮ್ಮೆಲ್ಲರನ್ನೂ ಆಶೀರ್ವದಿಸಲಿ.